ಮಾಸ್ಟರ್ ಓದದ ಪೇಪರು

ದೇವರ ಮೇಲೆ ಪ್ರಮಾಣ ಮಾಡಿ, ಜಡ್ಜ್ ಎದುರು ನಿಂತು, ‘ನನಗೆ ಕಾರು ಓಡಿಸೋಕೆ ಬರ್ತಿರಲಿಲ್ಲ’ ಅಂತ ಒಪ್ಕೊಂಡು ಬಂದಿದ್ದೀನಿ ಕಣ್ರೀ. ಅದನ್ನ ಟೈಪ್ ಬೇರೆ ಮಾಡ್ಕೊಂಡಿದ್ದಾರೆ. ಕೆಳಗೆ ನನ್ನ ಸಹಿಯೂ ಇದೆ.

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗಿ.

ಈ ಅಂಕಣದ ಹಳೇ ಓದುಗರಿಗೆ ನೆನಪಿರಬಹುದು. ಏಳು ವರ್ಷದ ಹಿಂದೆ, ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ ನನ್ನ ಸಾಹಸವನ್ನ ಇಲ್ಲೇ ಬರೆದಿದ್ದೆ. ಅದರಲ್ಲಿ ಒಂದು ಸಾಲಿತ್ತು: ‘ನಾನು ಹೆಬ್ಬಾಳದ ಫ್ಲೈಓವರ್ ಹತ್ತಿಸುತ್ತಿದ್ದರೆ ನಮ್ಮ ಮಾಸ್ಟರ್ ಪಕ್ಕದಲ್ಲಿ ಕೈಕಾಲು ಆಡಿಸದೆ, ಆರಾಮಾಗಿ ಪೇಪರ್ ಓದುತ್ತಾ ಕೂತಿರುತ್ತಿದ್ದರು.’ ಎಷ್ಟು ಜನ ಫೋನ್ ಮಾಡಿ ಹೊಗಳಿದ್ರಿ ಅವತ್ತು! ‘ನಿಮ್ಮನ್ನ ನೋಡಿ ನಾನೂ ಸೇರ್ಕೊಂಡೆ ಮೇಡಂ’ ಅಂದವರೂ ಇದ್ದರು. ನಮ್ಮ ಯಜಮಾನರಂತೂ ಅದನ್ನ ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಮನೆಗೆ ಬಂದವರೆಲ್ಲ ತಣ್ಣೀರಿನ ಜೊತೆ ಅದನ್ನೂ ಓದಲೇಬೇಕು.

ಆ ಸಾಲೇ ನೋಡಿ, ನನ್ನನ್ನ ಕಟಕಟೆಯಲ್ಲಿ ಹಿಡಿದು ಹಾಕಿದ್ದು.

ಮೊದಲು ಮಾಸ್ಟರ್ ಬಗ್ಗೆ ಹೇಳಿಬಿಡ್ತೀನಿ. ಮುನಿರಾಜು ಅಂತ. ಜಕ್ಕೂರಿನ ಹಳೇ ಊರಿನವರು. ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲಿನ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದರೆ, ಇವರು ಒಂದು ಬಿಳಿ ಕಾರು ತಗೊಂಡು, ಅದರ ತಲೆ ಮೇಲೆ ಬೋರ್ಡ್ ಕೂರಿಸಿ ಡ್ರೈವಿಂಗ್ ಸ್ಕೂಲ್ ಶುರು ಮಾಡಿದರು. ಯಾಕೆ ಮಾಸ್ಟರ್ ಅಂತ ಕೇಳಿದ್ದೆ. “ಬಿಲ್ಡಿಂಗು ಕಟ್ಟಿದ ಕಡೇನೇ ನಿಂತಿರ್ತದೆ ಮೇಡಮ್ಮೋರೆ. ಕಾರಾದ್ರೆ ನಾಕ್ ಕಡೆ ಓಗ್ತದೆ” ಅಂದಿದ್ದರು.

ಪಾಠ ಮಾಡುವಾಗ ಅವರ ಬಾಯಲ್ಲಿ ಬೈಗುಳ ಬಂದಿದ್ದು ನಾನು ಕೇಳಿಲ್ಲ. ಗಾಡಿ ಆಫ್ ಆಯ್ತಾ? ತಲೆ ಆಡಿಸಿ ‘ಏನೂ ಆಗಿಲ್ಲ’ ಅನ್ನೋ ಥರ ನಗೋರು. ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೀತಾ ಇದ್ದಾರಾ? “ಒಡ್ಕಳ್ಲಿ ಬಿಡಿ, ಅವ್ರ ಬ್ಯಾಟ್ರಿ, ಅವ್ರ ಕೈ” ಅನ್ನೋರು. ನನ್ನಂಥ ಪುಕ್ಕಲಿಯನ್ನ ರಸ್ತೆಗೆ ಇಳಿಸಿದ್ದು ಆ ನಗೂನೇ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಒಂದು ಅಪಾರ್ಟ್‌ಮೆಂಟ್ ಮುಂದೆ ಕಾರು ನಿಲ್ಲಿಸಿ, ಸ್ಟೂಡೆಂಟ್ ಇಳಿದು ಬರಲಿ ಅಂತ ಕಾಯ್ತಾ ಗಾಜು ಒರೆಸ್ತಿದ್ದರು. ನೀರಿನ ಟ್ಯಾಂಕರ್ ಒಂದು ರಿವರ್ಸ್ ಬಂತು. ಹಿಂದೆ ನಿಂತು ‘ಬರ್ಲಿ ಬರ್ಲಿ’ ಅನ್ನೋಕೆ ಕ್ಲೀನರ್ ಇಲ್ಲ. ಡ್ರೈವರ್ ಕಿವಿಯಲ್ಲಿ ಫೋನು. ಮಾಸ್ಟರ್ ಟ್ಯಾಂಕರ್‌ಗೂ ಕಾಂಪೌಂಡ್ ಗೋಡೆಗೂ ನಡುವೆ ಸಿಕ್ಕಿಕೊಂಡರು.

ಜೀವ ಉಳೀತು. ಬೆನ್ನುಹುರಿ ಉಳೀಲಿಲ್ಲ. ಸೊಂಟದಿಂದ ಕೆಳಗೆ ಸ್ವಾಧೀನವೇ ಹೋಯ್ತು. ಬೇರೆಯವರ ತಪ್ಪಿಗೆಲ್ಲ ತಾನು ಬ್ರೇಕ್ ಒತ್ತಿದ ಮನುಷ್ಯನಿಗೆ ಅವತ್ತು ಒಬ್ಬರೂ ಬ್ರೇಕ್ ಒತ್ತಲಿಲ್ಲವಲ್ಲ ಅಂತ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆಸ್ಪತ್ರೆಗೆ ಹೋದಾಗ ನಾನು ಬಾಯಿ ಬಿಟ್ಟರೆ ಅಳುವೇ ಬರೋ ಹಾಗಿತ್ತು. ಅವರೇ ಮಾತು ತೆಗೆದರು. “ರಿವರ್ಸ್ ಒಡೆಯೋವಾಗ ಕನ್ನಡಿ ನೋಡ್ಬೇಕು ಅಂತ ನಿಮ್ಗೆ ಎಷ್ಟ್ ಸಲ ಏಳಿದ್ದೆ ನಾನು? ಆ ಟ್ಯಾಂಕರ್‌ನೋನು ನಮ್ ಸ್ಕೂಲ್‌ಗೆ ಬಂದೋನಲ್ಲ ಮೇಡಮ್ಮೋರೆ. ಅದುಕ್ಕೇ ಇಂಗಾಯ್ತು.” ಪಕ್ಕದಲ್ಲಿ ಅವರ ಹೆಂಡತಿ ಜಯಮ್ಮ ಅಳುತ್ತಲೇ ನಕ್ಕುಬಿಟ್ಟರು.

ಪರಿಹಾರಕ್ಕೆ ಕೇಸ್ ಹಾಕಿದ್ದು ನಸ್ರೀನ್. ಆರ್.ಟಿ.ನಗರದ ಹುಡುಗಿ, ವಕೀಲೆ, ಮತ್ತೆ (ಕೇಳಬೇಕಾ?) ಮಾಸ್ಟರ್ ಹತ್ತಿರವೇ ಕಾರು ಕಲಿತವಳು. ಟ್ಯಾಂಕರ್‌ನದ್ದೇ ತಪ್ಪು ಅನ್ನೋದನ್ನ ಅದರ ಇನ್ಶೂರೆನ್ಸ್ ಕಂಪನಿಯವರು ಒಪ್ಪಿಕೊಂಡೇಬಿಟ್ಟರು. ಆದರೆ ಅಲ್ಲೊಂದು ಕೊಕ್ಕೆ ಇಟ್ಟರು. ‘ಡ್ರೈವಿಂಗ್ ಕಲಿಸೋದು ಬಾಯಿಂದ ಮಾಡೋ ಕೆಲಸ. ಕೂತು ಮಾಡೋ ಕೆಲಸ. ಅರ್ಜಿದಾರರ ಬಾಯಿ ಚೆನ್ನಾಗಿದೆ, ಈಗಲೂ ಕೂತೇ ಇದ್ದಾರೆ. ಹಾಗಾಗಿ ಅವರ ಕೆಲಸ ಹೋಗಿಲ್ಲ.’

ಹೇಗಿದೆ ವರಸೆ?

ಕೆಲಸ ಪೂರ್ತಿ ಹೋಗಿದೆ ಅಂತ ಕೋರ್ಟ್ ಒಪ್ಪಿದರೆ ಮಾಸ್ಟರ್‌ಗೆ ಜೀವನಕ್ಕೆ ದಾರಿ. ಫಿಸಿಯೋಥೆರಪಿ, ಎತ್ತಿ ಕೂರಿಸೋಕೆ ಒಬ್ಬ ಆಳು, ವೀಲ್‌ಚೇರ್ ಒಳಗೆ ಹೋಗೋವಂಥ ಬಚ್ಚಲು, ಎಲ್ಲ ಅದರಿಂದಲೇ ಆಗಬೇಕು. ಒಪ್ಪದಿದ್ದರೆ ಏನೋ ಒಂದಿಷ್ಟು ಕೈಗಿಟ್ಟು ಕಳಿಸ್ತಾರೆ, ಅದು ಆಸ್ಪತ್ರೆ ಬಿಲ್ಲಿಗೇ ಸರಿಹೋಗುತ್ತೆ. ಮೂರು ವರ್ಷದ ಓಡಾಟವೆಲ್ಲ ಇದೊಂದೇ ಪ್ರಶ್ನೆಗೆ ಬಂದು ನಿಂತಿತ್ತು: ಮಾಸ್ಟರ್ ಕೆಲಸಕ್ಕೆ ಕಾಲು ಬೇಕಿತ್ತಾ, ಇಲ್ಲವಾ?

“ನಾನು ವಕೀಲೆ, ನಾನೇ ಸಾಕ್ಷಿ ಹೇಳೋ ಹಾಗಿಲ್ಲ ಆಂಟಿ. ನೀವು ಹೇಳ್ತೀರಾ?” ಅಂದಳು ನಸ್ರೀನ್. ನಾಲ್ಕು ಜನ ಗೊತ್ತಿರೋ ಬರಹಗಾರ್ತಿ ಅಲ್ವಾ, ತೂಕ ಇರುತ್ತೆ ಅಂತ ಅವಳ ಲೆಕ್ಕ. ನಾನು ಕುಣೀತಾ ಒಪ್ಪಿಕೊಂಡೆ. ಆ ಹಳೇ ಅಂಕಣದ ಸುದ್ದಿ ಮಾತ್ರ ಅವಳಿಗೆ ಹೇಳಲಿಲ್ಲ. ಫ್ರಿಜ್ ಮೇಲೆ ದಿನಾ ನೋಡಿ ನೋಡಿ ಅದು ಕಣ್ಣಿಗೇ ಬೀಳ್ತಿರಲಿಲ್ಲ. ಮರೆತಿದ್ದೆ ಕಣ್ರೀ, ಆಣೆಗೂ ಮರೆತಿದ್ದೆ.

ಕೋರ್ಟಿಗೆ ನಮ್ಮ ಯಜಮಾನರೂ ಬಂದರು. ಹೆಂಡತಿ ಸಾಕ್ಷಿ ಹೇಳೋದನ್ನ ನೋಡಬೇಕು ಅಂತ ಇಸ್ತ್ರಿ ಶರ್ಟ್ ಹಾಕ್ಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ಟರ್ ವೀಲ್‌ಚೇರ್ ಬಾಗಿಲ ಹತ್ತಿರ ಇತ್ತು.

ಕಂಪನಿಯ ವಕೀಲರು ಎದ್ದರು. ಬಲು ಮರ್ಯಾದಸ್ಥರು. “ತಾವು ಬರಹಗಾರ್ತಿ ಅಂತ ಕೇಳಿದೆ ಮೇಡಂ?”

ನಾನು ಪೂರಿ ಥರ ಉಬ್ಬಿದೆ. “ಹೌದು ಸಾರ್. ವಾರವಾರ ಅಂಕಣ ಬರೀತೀನಿ.”

“ಇದು ತಮ್ಮದೇನಾ, ನೋಡಿ.”

ಫೈಲಿಂದ ಒಂದು ಪ್ರಿಂಟ್‌ಔಟ್ ಹೊರಗೆ ಬಂತು. ನನ್ನದೇ ಅಂಕಣ, ನನ್ನದೇ ಫೋಟೋ. (ಏಳು ವರ್ಷ ಚಿಕ್ಕವಳು, ಚೆನ್ನಾಗೇ ಇದ್ದೆ.) ನನ್ನ ಬರಹವನ್ನ ಅಷ್ಟು ಶ್ರದ್ಧೆಯಿಂದ ಓದಿದವರನ್ನ ನಾನು ಜನ್ಮದಲ್ಲೇ ನೋಡಿರಲಿಲ್ಲ. ಹಳದಿ ಮಾರ್ಕರ್‌ನಲ್ಲಿ ಗುರುತು ಹಾಕಿದ್ದರು!

ಆ ಸಾಲನ್ನ ಅವರು ಗಟ್ಟಿಯಾಗಿ, ನಿಧಾನವಾಗಿ ಓದಿದರು. ‘ಕೈಕಾಲು ಆಡಿಸದೆ’ ಅನ್ನೋದನ್ನ ಎರಡು ಸಲ ಓದಿದರು. “ಅಂದ್ರೆ ಮುನಿರಾಜು ಅವರ ಕೆಲಸಕ್ಕೆ ಕಾಲು ಬೇಕಿರಲಿಲ್ಲ. ಪೇಪರ್ ಓದ್ಕೊಂಡು ಕೂತ್ರೆ ಸಾಕಿತ್ತು. ಇದು ತಾವೇ ಬರೆದಿದ್ದು. ಬರೆದಿದ್ದು ನಿಜ ತಾನೆ?”

ನಸ್ರೀನ್ ಮುಖ ಬಿಳಚಿಕೊಂಡಿತ್ತು. ನಿಜ ಅಂದರೆ ನನ್ನ ಮಾನ ಉಳಿಯುತ್ತೆ, ಮಾಸ್ಟರ್ ಮುಳುಗ್ತಾರೆ. ಸುಳ್ಳು ಅಂದರೆ ಇಷ್ಟು ವರ್ಷ ನಿಮ್ಮೆಲ್ಲರ ಮುಂದೆ ಕೊಚ್ಚಿಕೊಂಡಿದ್ದೆಲ್ಲ ಮಣ್ಣುಪಾಲು. ಹಿಂದಿನ ಬೆಂಚಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಗಂಡ ಬೇರೆ ಕೂತಿದ್ದಾರೆ!

ಬಾಗಿಲ ಕಡೆ ನೋಡಿದೆ. ಮಾಸ್ಟರ್ ತಲೆ ಆಡಿಸಿ ನಕ್ಕರು. ‘ಏನೂ ಆಗಿಲ್ಲ’ ಅನ್ನೋ ಅದೇ ನಗು. ನನ್ನಿಂದಲೇ ಕೇಸ್ ಮುಳುಗೋ ಹೊತ್ತಿನಲ್ಲೂ ಆ ಪುಣ್ಯಾತ್ಮ ನನಗೆ ಧೈರ್ಯ ಹೇಳ್ತಿದ್ದಾರೆ.

“ಸುಳ್ಳು ಸ್ವಾಮಿ” ಅಂದೆ. “ಆ ಸಾಲು ಸುಳ್ಳು. ಗೊತ್ತಿದ್ದೂ ಬರೆದೆ.”

ಜಡ್ಜ್ ಕನ್ನಡಕ ಸರಿಮಾಡಿಕೊಂಡರು. “ಬಿಡಿಸಿ ಹೇಳಿ.”

ಹೇಳಿದೆ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಎಡಗಡೆ ಕೂರುವವರ ಕಾಲ ಹತ್ತಿರವೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತೆ. ಮಾಸ್ಟರ್ ತೊಡೆ ಮೇಲೆ ಪೇಪರ್ ಅಗಲವಾಗಿ ಹರಡಿಕೊಂಡು ಕೂರೋರು, ಅದು ಮಂಡಿ ದಾಟಿ ಕೆಳಗೆ ಇಳಿಬಿದ್ದಿರೋದು. ಓದೋಕಲ್ಲ, ಕಾಲು ಮುಚ್ಚೋಕೆ. ಪೇಪರ್ ಅಡಿಯಲ್ಲಿ ಎರಡೂ ಕಾಲು ದುಡೀತಾನೇ ಇರೋವು. ಅದು ಕಂಡರೆ ಕಲಿಯೋರು ‘ಓಡಿಸ್ತಿರೋದು ನಾನಲ್ಲ’ ಅಂತ ಧೈರ್ಯ ಕಳ್ಕೊಂಡುಬಿಡ್ತಾರೆ ಅಂತ ಅವರ ಯೋಚನೆ.

“ನಿಮಗೆ ಹೇಗೆ ಗೊತ್ತಾಯ್ತು?”

“ಹೆಬ್ಬಾಳ ಫ್ಲೈಓವರ್ ಏರಿನಲ್ಲಿ ಸ್ವಾಮಿ. ಗಾಡಿ ಆಫ್ ಆಗಿ ಹಿಂದಕ್ಕೆ ಜಾರ್ತು. ಹಿಂದೆ ಹಾಲಿನ ವ್ಯಾನು. ನಾನು ಎರಡೂ ಕಾಲು ಸೀಟಿನ ಮೇಲೆ ಎತ್ಕೊಂಡು ‘ಅಯ್ಯಯ್ಯೋ’ ಅಂತಿದ್ದೆ. ಗಾಳಿಗೆ ಪೇಪರ್ ಹಾರಿ ಹಿಂದಿನ ಸೀಟಿಗೆ ಹೋಯ್ತು. ನೋಡಿದ್ರೆ ಮಾಸ್ಟರ್ ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಕ್ಲಚ್ ಮೇಲೆ. ವ್ಯಾನ್‌ಗೂ ನಮಗೂ ಒಂದು ಗೇಣು ಇತ್ತು, ಅಷ್ಟೇ.”

ಕಂಪನಿ ವಕೀಲರು ಬಿಡಲಿಲ್ಲ. “ಪೇಪರ್ ಓದ್ತಿರಲಿಲ್ಲ ಅಂತ ಹೇಗೆ ಹೇಳ್ತೀರಿ?”

ನನಗೂ ಅಷ್ಟೊತ್ತಿಗೆ ಹುರುಪು ಬಂದಿತ್ತು. “ಇಪ್ಪತ್ತೊಂದು ದಿನದ ಕ್ಲಾಸು ಸಾರ್. ಇಪ್ಪತ್ತೊಂದು ದಿನವೂ ಅದೇ ಪೇಪರು, ಅದೇ ಪುಟ. ಯಾವುದೋ ಒಡವೆ ಅಂಗಡಿ ಜಾಹೀರಾತು. ಆ ನೆಕ್ಲೇಸಿನ ಡಿಸೈನ್ ಈಗಲೂ ಬರೆದು ತೋರಿಸ್ತೀನಿ ಬೇಕಾದ್ರೆ. ಓದೋರು ಪುಟ ತಿರುಗಿಸಲ್ವಾ?”

ಕೋರ್ಟ್ ಹಾಲ್‌ನಲ್ಲಿ ಗೊಳ್ ಅಂದರು. ಜಡ್ಜ್ ಕೂಡ ತುಟಿ ಕಚ್ಚಿ ನಗು ಹಿಡಿದುಕೊಂಡ ಹಾಗಿತ್ತು. “ಲೈಸೆನ್ಸ್ ಹೇಗೆ ಸಿಕ್ತಮ್ಮ ನಿಮಗೆ?” ಅಂತ ಕೇಳಿಯೇಬಿಟ್ಟರು.

“ಮೂರನೇ ಸಲಕ್ಕೆ ಪಾಸಾದೆ ಸ್ವಾಮಿ. ಅದನ್ನೂ ಬರೆದಿರಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಯಾರು ಅಂತ ತಿರುಗಿ ನೋಡೋ ಧೈರ್ಯ ನನಗಿರಲಿಲ್ಲ.

ಜಡ್ಜ್ ಟೈಪಿಸ್ಟ್‌ಗೆ ಹೇಳಿ ಬರೆಸಿದರು: “ಸಾಕ್ಷಿಯು ಮುಂದುವರಿದು ನುಡಿಯುವುದೇನೆಂದರೆ, ವಾಹನವನ್ನು ನಿಲ್ಲಿಸುತ್ತಿದ್ದುದು ತಾನಲ್ಲ, ಅರ್ಜಿದಾರರ ಕಾಲುಗಳು.” ಮೂವತ್ತು ವರ್ಷದಿಂದ ಬರೀತಿದ್ದೀನಿ. ಅಷ್ಟು ಒಳ್ಳೇ ವಾಕ್ಯ ನಾನೂ ಬರೆದಿಲ್ಲ.

ವಾಪಸ್ ಬರುವಾಗ ಮೇಖ್ರಿ ಸರ್ಕಲ್ ದಾಟಿದ ಮೇಲೆ ನಮ್ಮ ಯಜಮಾನರು ಮೆಲ್ಲಗೆ, “ಮೂರು ಸಲಾನಾ?” ಅಂದರು. ಮನೆಗೆ ಬಂದವರೇ ಲ್ಯಾಮಿನೇಟ್ ಮಾಡಿಸಿದ ಅಂಕಣದ ಮೇಲೆ ಮಾರ್ಕರ್‌ನಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಅಂತ ದಪ್ಪಕ್ಷರದಲ್ಲಿ ಬರೆದರು. ಇನ್ನೂ ಹಾಗೇ ಇದೆ.

ನಾನು ಆ ಸಾಲು ಯಾಕೆ ಬರೆದೆ ಅಂತ ಆಮೇಲೆ ಬಹಳ ಯೋಚನೆ ಮಾಡಿದೆ. ಯಾರಿಗೂ ಕೆಟ್ಟದ್ದು ಮಾಡೋಕಲ್ಲ. ‘ನಾನೇ ಕಲಿತೆ’ ಅಂತ ಹೇಳಿಕೊಳ್ಳೋ ಚಪಲ, ಅಷ್ಟೇ. ನೀವು ಹೇಳಲ್ವಾ? ‘ಮಕ್ಕಳನ್ನ ನಾನೊಬ್ಬಳೇ ಬೆಳೆಸಿದೆ’, ‘ಬಿಸಿನೆಸ್ಸು ನಾನೊಬ್ಬನೇ ಕಟ್ಟಿದೆ’. ಹಾಗೆ ಹೇಳೋವಾಗೆಲ್ಲ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದವರನ್ನ ನಾವು ಪೇಪರ್ ಓದೋಕೆ ಕೂರಿಸಿರ್ತೀವಿ. ಅವರು ಬೇಜಾರೂ ಮಾಡ್ಕೊಳ್ಳಲ್ಲ. ನನ್ನ ಅಂಕಣ ಅವತ್ತು ಓದಿದಾಗ ಮಾಸ್ಟರ್ ಅಂದಿದ್ದು ಇಷ್ಟೇ: “ಚೆನ್ನಾಗೈತೆ ಮೇಡಮ್ಮೋರೆ. ಪುಕ್ಸಟ್ಟೆ ಅಡ್ವಟೈಸ್‌ಮೆಂಟು.”

ಹೋದ ತಿಂಗಳು ಆದೇಶ ಬಂತು. ಮಾಸ್ಟರ್ ಕೆಲಸ ಕಾಲಿನದ್ದೇ, ಆ ಕೆಲಸ ಪೂರ್ತಿ ಹೋಗಿದೆ, ಕಂಪನಿ ಪೂರ್ತಿ ಪರಿಹಾರ ಕೊಡಬೇಕು ಅಂತ. ಕಂಪನಿಯವರೂ ತಕರಾರಿಲ್ಲದೆ ಕಟ್ಟಿದರು. ನಸ್ರೀನ್ ಫೋನಲ್ಲಿ “ಆಂಟಿ, ಗೆದ್ವಿ!” ಅಂತ ಕಿರುಚಿದಾಗ ನಾನು ಒಗ್ಗರಣೆ ಬಿಟ್ಟು ಕುಣಿದೆ. ಸಾಸಿವೆ ಸೀದುಹೋಯ್ತು. ಹೋಗಲಿ ಬಿಡಿ! ಆ ಭಾನುವಾರ ಜಕ್ಕೂರಿನಲ್ಲಿ ಮುದ್ದೆ, ನಾಟಿಕೋಳಿ ಸಾರು. ಜಯಮ್ಮ ಬಡಿಸ್ತಾನೇ ಇದ್ದರು, ನಾವು ಬೇಡ ಅನ್ನಲೇ ಇಲ್ಲ.

ಈಗ ಮಾಸ್ಟರ್ ಮನೆ ಮುಂದೆ ಹೊಸ ಕಾರು ನಿಂತಿದೆ. ಬ್ರೇಕು, ಆಕ್ಸಿಲರೇಟರು ಎಲ್ಲ ಕೈಯಲ್ಲೇ. “ಕಲ್ಸೋಕಾಗಕಿಲ್ಲ. ಓಡ್ಸೋಕಾಯ್ತದಲ್ಲ” ಅಂತಾರೆ. ಆದರೆ ಇಂಥ ಕಾರಿಗೆ ಲೈಸೆನ್ಸ್ ಹೊಸದಾಗಿ ಮಾಡಿಸಬೇಕಂತೆ. ಅರ್ಧ ಯಲಹಂಕಕ್ಕೆ ಡ್ರೈವಿಂಗ್ ಕಲಿಸಿದ ಮನುಷ್ಯ ಎಲ್ ಬೋರ್ಡ್ ಹಾಕ್ಕೊಂಡು ಕೂತಿದ್ದಾರೆ. ಖುಷಿಯೋ ಖುಷಿ, ಮದುವೆ ಗಂಡಿನ ಥರ!

ಎಲ್ ಬೋರ್ಡ್ ಇದ್ದಾಗ ಪಕ್ಕದಲ್ಲಿ ಲೈಸೆನ್ಸ್ ಇರೋರು ಒಬ್ಬರು ಕೂರಬೇಕು. ಮಾಸ್ಟರ್ ಯಾರನ್ನ ಕರೆದರು ಗೊತ್ತಾ? ನನ್ನನ್ನ!

ಮೊನ್ನೆ ಬೆಳಿಗ್ಗೆ ಹೊರಟೆವು. ಜಕ್ಕೂರು ದಾಟಿ, ಏರ್‌ಪೋರ್ಟ್ ರೋಡ್ ಹಿಡಿದು, ಹೆಬ್ಬಾಳದ ಕಡೆಗೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸ್ತಿದ್ದರು. ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಿತು. ಮುಂದೆ ಬಸ್ಸು, ಹಿಂದೆ ಟೆಂಪೋ. ನನಗೆ ಗೊತ್ತಿಲ್ಲದ ಹಾಗೆ ನನ್ನ ಬಲಗಾಲು ಕೆಳಗಿನ ಮ್ಯಾಟನ್ನ ಗಟ್ಟಿಯಾಗಿ ಒತ್ತಿಬಿಟ್ಟಿತ್ತು. ಅಲ್ಲಿ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ.

ಮಾಸ್ಟರ್ ಓರೆಗಣ್ಣಲ್ಲಿ ಕೆಳಗೆ ನೋಡಿದರು. ಬಾಗಿಲ ಜೇಬಿಂದ ಒಂದು ಹಳೇ ಪೇಪರ್ ಎಳೆದು ನನ್ನ ತೊಡೆ ಮೇಲೆ ಹಾಕಿದರು. ಬಿಡಿಸಿದರೆ, ಅದೇ ಒಡವೆ ಅಂಗಡಿ, ಅದೇ ನೆಕ್ಲೇಸು.

“ಮುಚ್ಕಳಿ ಮೇಡಮ್ಮೋರೆ, ಕಾಲು ಕಂಡ್ರೆ ಕಲಿಯೋರ್‌ಗೆ ಧೈರ್ಯ ಓಗ್ತದೆ.”