ಕಿಟಕಿ ಪಕ್ಕದ ಮೂರು ಇಂಚು

ಹೋದ ವಾರ ಬೀರು ಖಾಲಿ ಮಾಡುವಾಗ ದೊಡ್ಡಪ್ಪನ ಹಳೆಯ ಕೋಟು ಸಿಕ್ಕಿತು. ಜೇಬಿಗೆ ಕೈ ಹಾಕಿದರೆ ಒಂದು ಪುಟ್ಟ ನೋಟ್‌ಬುಕ್ಕು. ಬಿಚ್ಚಿದ ಕೂಡಲೇ ನಸ್ಯದ ಘಾಟು ಮೂಗಿಗೆ ಬಡಿದು ಸೀನು ಬಂತು, ಹಿಂದೆಯೇ ಅಳುವೂ ಬಂತು.

ನಮ್ಮಪ್ಪನ ಅಣ್ಣ ಅವರು. ಚಿಕ್ಕಂದಿನಿಂದ ನನ್ನನ್ನು ಸಾಕಿ ಬೆಳೆಸಿದವರು. ನಲವತ್ತು ವರ್ಷಕ್ಕೂ ಮೇಲೆ ಬಸವನಗುಡಿ, ಚಾಮರಾಜಪೇಟೆ ಸುತ್ತಮುತ್ತ ಮನೆಗಳ ಪ್ಲಾನು ಬರೆದರು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಗೆರೆ ಎಳೆಯುತ್ತಿದ್ದರು. ನಾನು ಅಲುಗಾಡಿ ಗೆರೆ ಸೊಟ್ಟಗಾದರೆ ಬೈಗುಳ ನನಗಲ್ಲ, ಪೆನ್ಸಿಲ್ಲಿಗೆ.

ಯಾರದೇ ಮನೆಯಿರಲಿ, ಮೊದಲು ಆ ಮನೆಯ ಹೆಂಗಸರನ್ನು ನೆಟ್ಟಗೆ ನಿಲ್ಲಿಸಿ ನೆಲದಿಂದ ಮೊಣಕೈವರೆಗೆ ಟೇಪು ಹಿಡಿಯುತ್ತಿದ್ದರು. ಅದಕ್ಕಿಂತ ನಾಲ್ಕು ಬೆರಳು ತಗ್ಗಿಗೆ ಅಡುಗೆಕಟ್ಟೆ. ಅತ್ತೆ ಗಿಡ್ಡ, ಸೊಸೆ ಉದ್ದ ಇದ್ದ ಕಡೆ ಮೀಸೆಯಡಿ ನಗುತ್ತಾ, "ಸಾರು ಮಾಡೋದು ಯಾರು? ನಿಜ ಹೇಳ್ಬೇಕು," ಎನ್ನುತ್ತಿದ್ದರು.

ಈ ಅಭ್ಯಾಸಕ್ಕೆ ಕಾರಣ ಅವರದೇ ಒಂದು ಎಡವಟ್ಟು. ಮದುವೆಯಾದ ಹೊಸದರಲ್ಲಿ ಚಾಮರಾಜಪೇಟೆಯಲ್ಲಿ ತಮ್ಮ ಮನೆ ಕಟ್ಟಿಸಿದಾಗ, ಹೆಂಡತಿಯ ಎತ್ತರ ತನಗೆ ಗೊತ್ತಿಲ್ಲವೇ ಎಂಬ ಧಿಮಾಕಿನಲ್ಲಿ ಅಳೆಯಲೇ ಇಲ್ಲ. ಕಟ್ಟೆ ಮೂರು ಇಂಚು ಎತ್ತರವಾಯಿತು. ದೊಡ್ಡಮ್ಮ ಒಂದು ಹಲಸಿನ ಮಣೆ ಹಾಕಿಕೊಂಡು, ಅದರ ಮೇಲೆ ನಿಂತೇ ನಮಗೆಲ್ಲ ಅಡುಗೆ ಮಾಡಿ ಹಾಕಿದರು. ಒಡೆಸಿ ಕಟ್ಟಿಸುತ್ತೇನೆಂದರೆ, "ಸುಮ್ನಿರ್ರೀ, ಅಭ್ಯಾಸ ಆಗೋಗಿದೆ," ಎನ್ನುತ್ತಿದ್ದರು. ದೊಡ್ಡಪ್ಪ ಆ ಮಣೆಯನ್ನು ನೋಡಿದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದರು...

ನಾನು ಮಾವಳ್ಳಿಯಲ್ಲಿ ಮನೆ ಕಟ್ಟಿಸುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು. ಆದರೂ ಹಟ ಹಿಡಿದು ಪ್ಲಾನು ತಾವೇ ಬರೆದರು. ಅಡುಗೆಮನೆಯ ಕೆಲಸ ಶುರುವಾಗುವಾಗ ಆಸ್ಪತ್ರೆ ಸೇರಿದ್ದರು. ಮೇಸ್ತ್ರಿ ಪ್ಲಾನು ನೋಡಿ ತಲೆ ಕೆರೆದುಕೊಂಡ.

"ಮೇಡಂ, ಕಟ್ಟೇಲಿ ಕಿಟಕಿ ಪಕ್ಕ ಮಾತ್ರ ಮೂರು ಇಂಚು ಕಮ್ಮಿ ಬರೆದ್ಬಿಟ್ಟವ್ರೆ. ಯಜಮಾನ್ರಿಗೆ ವಯಸ್ಸಾಯ್ತಲ್ಲ... ಲೆವೆಲ್ ಮಾಡ್ಬಿಡ್ಲಾ?"

ಕೇಳಿದರೆ ದೊಡ್ಡಪ್ಪ ನೊಂದುಕೊಳ್ಳುತ್ತಾರೆ ಅನಿಸಿತು. "ಮಾಡ್ಬಿಡಿ," ಎಂದೆ. ಗೃಹಪ್ರವೇಶಕ್ಕೆ ಅವರಿರಲಿಲ್ಲ. ದೊಡ್ಡಮ್ಮ ನಮ್ಮ ಜೊತೆಗಿರಲು ಬಂದರು, ಅವರೊಂದಿಗೆ ಮಣೆಯೂ ಬಂತು. ಚಿಕ್ಕಂದಿನಿಂದ ನೋಡಿದ ಮಣೆ, ನನಗೇನೂ ಹೊಳೆಯಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡುಗುವ ಅಕ್ಷರಗಳಿದ್ದವು. ‘ಮಾವಳ್ಳಿ ಮನೆ ಅಡುಗೆಕಟ್ಟೆ. ಪುಟ್ಟಿಗೆ ೩೩. ಇವಳಿಗೆ ೩೦, ಕಿಟಕಿ ಪಕ್ಕ. ನಾನು ಹೋದ ಮೇಲೆ ಇವಳು ಇಲ್ಲೇ ತಾನೇ ಇರೋದು.’ ಪುಟ್ಟಿ ಅಂದರೆ ನಾನು.

ದೊಡ್ಡಮ್ಮನಿಗೆ ತೋರಿಸಿ, ಕಟ್ಟೆ ಸಮ ಮಾಡಿಸಿದವಳು ನಾನೇ ಎಂದು ಒಪ್ಪಿಕೊಂಡೆ. ಅವರು ಆ ೩೦ರ ಮೇಲೆ ಬೆರಳಿಟ್ಟರು. "ಯಾವಾಗ ಅಳೆದ್ರೋ... ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಎಂದರು.

ಮೇಸ್ತ್ರಿ ನಾಳೆ ಬಂದು ಕಿಟಕಿ ಪಕ್ಕದ ಕಟ್ಟೆ ತಗ್ಗಿಸಿಕೊಡುತ್ತಾನೆ. ಆದರೆ ಅಂದು ಆಸ್ಪತ್ರೆಯಲ್ಲಿ ಒಂದೇ ಒಂದು ಮಾತು ಕೇಳಿದ್ದರೆ, ದೊಡ್ಡಪ್ಪ ಎಷ್ಟು ಖುಷಿಯಿಂದ ಹೇಳುತ್ತಿದ್ದರೋ... ಒಳಗೆ ದೊಡ್ಡಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಾರೆ, ಇವತ್ತೂ ಮಣೆಯ ಮೇಲೆ ನಿಂತು.