ಡಯೋಡಿಗೆ ಅಡ್ಡ ಬೆಸೆದ ತಂತಿ

ವೀಣಾ, ಚಾರ್ಜರಿನ ಸ್ವಿಚ್ಚು ಹಾಕಲು ನೀನು ಮರೆತಿರಲಿಲ್ಲ. ನಿನ್ನ ಅಪ್ಪನ ಉಸಿರಾಟದ ಯಂತ್ರ ನಿಂತುಹೋದದ್ದು ನನ್ನಿಂದ. ಆ ದಿನವೇ ನನಗದು ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿನ್ನ ಮೇಲೆ ಹಾಕಿದೆ.

ನಿನ್ನ ಅಪ್ಪ ವಾಸಣ್ಣ ಪರೇಲಿನ ಹೋಟೆಲಿನ ಗಲ್ಲಾದಲ್ಲಿ ಕೂತು ಇಡೀ ಬೀದಿಯೊಂದಿಗೆ ಹರಟಿದವರು. ಶ್ವಾಸಕೋಶ ಕೈಕೊಟ್ಟ ಮೇಲೆ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಯಂತ್ರದ ಗಾಳಿಯಲ್ಲಿ ಬದುಕಿದರು. ಕರೆಂಟು ಹೋದರೆ ಗತಿಯೇನು ಎಂದು ನಿನ್ನ ಅಮ್ಮ ಹೆದರಿದಾಗ, ನಾನಿದ್ದೇನಲ್ಲ ಅಕ್ಕ ಎಂದೆ. ಪಕ್ಕದ ಮನೆಯವನು, ಊರಿನ ಕಡೆಯವನು, ಮೇಲಾಗಿ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು. ಬ್ಯಾಟರಿ, ಚಾರ್ಜರು ಸೇರಿಸಿ ಒಂದು ಪೆಟ್ಟಿಗೆ ಮಾಡಿಕೊಟ್ಟೆ.

ಚಾರ್ಜರಿಗೂ ಬ್ಯಾಟರಿಗೂ ನಡುವೆ ಒಂದು ಡಯೋಡ್ ಇತ್ತು. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಬ್ಯಾಟರಿಗೆ ಹೋದದ್ದು ಚಾರ್ಜರಿಗೆ ವಾಪಸು ಬರುವಂತಿಲ್ಲ. ಆದರೆ ಹಾಗೆ ಬಿಡುವಾಗ ಸ್ವಲ್ಪ ವೋಲ್ಟೇಜನ್ನು ತಾನೇ ತಿಂದುಹಾಕುತ್ತದೆ. ಅಷ್ಟು ಕಮ್ಮಿಯಾದದ್ದಕ್ಕೇ ಬ್ಯಾಟರಿ ಪೂರ್ತಿ ತುಂಬದೆ, ಯಂತ್ರ ಆಗಾಗ ಬೀಪ್ ಅನ್ನತೊಡಗಿತು. ವಾಸಣ್ಣ ಬೆಚ್ಚಿಬೀಳುತ್ತಿದ್ದರು. ಕಡಿಮೆ ತಿನ್ನುವ ಬೇರೆ ಜಾತಿಯ ಡಯೋಡ್ ಪೇಟೆಯಲ್ಲಿ ಸಿಗುತ್ತದೆ, ಹೋಗಿ ತರಬೇಕಿತ್ತು. ನಾನು — ಡಯೋಡಿನ ಎರಡು ಕಾಲುಗಳಿಗೆ ಅಡ್ಡಲಾಗಿ ಒಂದು ತುಂಡು ತಂತಿ ಬೆಸೆದೆ. ಭಾನುವಾರ ಸರಿಮಾಡೋಣ ಎಂದುಕೊಂಡು. ಬೀಪ್ ನಿಂತಿತು. ನಿನ್ನ ಅಮ್ಮ ಕಾಫಿ ಕೊಟ್ಟರು. ಭಾನುವಾರಗಳು ಬಂದು ಹೋದವು. ಆ ತಂತಿ ಇರುವಷ್ಟು ದಿನ ಡಯೋಡ್ ಇದ್ದೂ ಇಲ್ಲದಂತೆ ಎಂದು ತಿಳಿದಿದ್ದವನು ನಾನೊಬ್ಬನೇ.

ಆ ಮಳೆಗಾಲದ ಮಧ್ಯಾಹ್ನ ಮೀಟರ್ ಕೋಣೆಗೆ ನೀರು ನುಗ್ಗಿ ಬಿಲ್ಡಿಂಗಿನ ಕರೆಂಟು ತೆಗೆದರು. ಆಫೀಸಿನಲ್ಲಿದ್ದ ನಿನಗೆ ಅಮ್ಮ ಫೋನ್ ಮಾಡಿದಾಗ, ಹೆದರಬೇಡ, ಬ್ಯಾಟರಿ ಸಂಜೆಯವರೆಗೆ ಬರ್ತದೆ ಎಂದೆಯಂತೆ. ನಿನಗೆ ಹಾಗೆಂದು ಹೇಳಿದ್ದವನು ನಾನೇ. ಬ್ಯಾಟರಿಯ ಕರೆಂಟು ಯಂತ್ರಕ್ಕಷ್ಟೇ ಅಲ್ಲ, ಸತ್ತ ಚಾರ್ಜರಿನೊಳಕ್ಕೂ ಹಿಂದಕ್ಕೆ ಹರಿದು, ಅದನ್ನು ಸುಮ್ಮನೆ ಬಿಸಿ ಮಾಡುತ್ತ ಮುಗಿದುಹೋಯಿತು. ಲೋಕಲ್ ರೈಲು ನಿಂತಿತ್ತು. ನೀನು ನೀರಿನಲ್ಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಮುಖದಿಂದ ಮಾಸ್ಕ್ ತೆಗೆದಾಗಿತ್ತು.

ಗಡಿಬಿಡಿಯಲ್ಲಿ ಯಾರ್ಯಾರೋ ಎಲ್ಲ ಸ್ವಿಚ್ಚುಗಳನ್ನೂ ಒತ್ತಿ ನೋಡಿದ್ದರು. ಯಾವುದು ಹೇಗಿತ್ತೆಂದು ಹೇಳುವವರಿರಲಿಲ್ಲ. ಬ್ಯಾಟರಿ ಯಾಕೆ ಬರಲಿಲ್ಲ ಎಂದು ನಿನ್ನ ಚಿಕ್ಕಪ್ಪ ನನ್ನನ್ನೇ ಕೇಳಿದರು.

"ಬೆಳಿಗ್ಗೆ ಚಾರ್ಜರಿನ ಸ್ವಿಚ್ಚು ಹಾಕ್ಲಿಲ್ವೋ ಏನೋ," ಎಂದೆ.

ಅದನ್ನು ನೋಡಿಕೊಳ್ಳುತ್ತಿದ್ದವಳು ನೀನು. ಅಮ್ಮ ತಲೆಯೆತ್ತಿ ನಿನ್ನನ್ನು ನೋಡಿದರು.

"ಹಾಕಿದ್ದೆ ಮಾವ," ಎಂದೆ ನೀನು. ಆಮೇಲೆ, ಮೆಲ್ಲಗೆ, "ಹಾಕಿದ್ದೆ ಅಂತ ಅನಿಸ್ತದೆ."

ಆ ಎರಡನೆಯ ಮಾತು... ಅದನ್ನು ನಿನ್ನಿಂದ ಹೇಳಿಸಿದವನು ನಾನು. ಪರೀಕ್ಷೆ ಮಾಡುತ್ತೇನೆಂದು ಪೆಟ್ಟಿಗೆಯನ್ನು ಮನೆಗೆ ಒಯ್ದು ತಂತಿ ಕಿತ್ತೆಸೆದೆ.

ಅಮ್ಮ ನಿನ್ನನ್ನು ಬೈಯಲಿಲ್ಲ, ಮಾತು ನಿಲ್ಲಿಸಿದರು. ನೀನು ಬೀಗ ಹಾಕಿ, ಮತ್ತೆ ತೆಗೆದು, ಗ್ಯಾಸು ಫ್ಯಾನು ನೋಡಿ ಬರುವುದನ್ನು ನಾನು ನನ್ನ ಬಾಗಿಲಿನಿಂದ ನೋಡುತ್ತಿದ್ದೆ. ಒಂದು ದಿನ ನೀನು ಬೇರೆ ರೂಮು ಮಾಡಿಕೊಂಡು ಹೊರಟೆ. ನಿನ್ನ ಬ್ಯಾಗನ್ನು ರಿಕ್ಷಾಕ್ಕೆ ಏರಿಸಿದವನೂ ನಾನೇ — ಆಗಲೂ ಬಾಯಿ ಬಿಡಲಿಲ್ಲ.

ಈ ವರ್ಷ ಕ್ಲಾಸಿನಲ್ಲಿ ಒಬ್ಬ ಹುಡುಗಿ, ಡಯೋಡಿಗೆ ಅಡ್ಡ ತಂತಿ ಹಾಕಿದರೆ ಏನಾಗುತ್ತದೆ ಸರ್ ಎಂದು ಕೇಳಿದಳು. ಕರೆಂಟು ಎರಡೂ ಕಡೆಗೆ ಹರಿಯುತ್ತದೆ ಎಂದೆ. ಮುಂದೆ ಪಾಠ ಮಾಡಲಾಗಲಿಲ್ಲ.

ನಿನ್ನೆ ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಅಳಲಿಲ್ಲ. ಕೇಳಿದರು, "ಹುಡುಗಿಗೆ ಹೇಳಿದ್ರಾ?"

ಇಲ್ಲ ಎಂದೆ.

"ಮೊದ್ಲು ಅವಳಿಗೆ ಹೇಳಿ. ನಂಗೆ ಅವಳ ಮುಖ ನೋಡ್ಲಿಕ್ಕೆ ಧೈರ್ಯ ಇಲ್ಲ."

ನಿನ್ನ ಕ್ಷಮೆ ಕೇಳಲು ನನಗೆ ಬಾಯಿಲ್ಲ, ವೀಣಾ. ಚಿಕ್ಕಪ್ಪನಿಗೆ, ಆ ದಿನ ಅಲ್ಲಿದ್ದ ಎಲ್ಲರಿಗೂ, ನಾನೇ ಹೋಗಿ ಹೇಳುತ್ತೇನೆ. ಅಮ್ಮ ಮಾತ್ರ — ನೀನು ಬಂದೀಯೆಂದು ನಿನ್ನೆಯಿಂದ ಅವರು ಮನೆಯ ಬಾಗಿಲು ಮುಚ್ಚಿಲ್ಲ.