ಒಬ್ಬರಿಗೆ ಎಷ್ಟು ಮೆಮೊರಿ?

ಶಿವಾಜಿನಗರದ ಆ ಮದುವೆ ಕಾರ್ಡ್ ಅಂಗಡಿಯಲ್ಲಿ ಎಲ್ಲರ ಕೆಲಸವೂ ಸರ್ವರ್ ಅನ್ನೋ ಒಂದೇ ದೊಡ್ಡ ಕಂಪ್ಯೂಟರ್ ಮೇಲೆ. ಡಿಸೈನರ್ ಸೆಲ್ವಿ ಅಕ್ಕ ದೊಡ್ಡ ಫೋಟೊ ತೆರೆದರೆ ಮೆಮೊರಿ ಖಾಲಿಯಾಗಿ ಎಲ್ಲರದ್ದೂ ನಿಂತುಬಿಡೋದು. ಕಂಪ್ಯೂಟರ್ ರಿಪೇರಿಗೆ ಹೋದ ನಾನು, ಒಬ್ಬೊಬ್ಬರಿಗೂ ಇಷ್ಟೇ ಮೆಮೊರಿ ಅಂತ ಆಪರೇಟಿಂಗ್ ಸಿಸ್ಟಂನಲ್ಲೇ ಮಿತಿ ಹಾಕಿದೆ. ಮರುದಿನ ಅಕ್ಕನ ಫೋಟೊ ಆ ಮಿತಿ ಮೀರಿ ಅರ್ಧ ಕೆಲಸದಲ್ಲೇ ಮುಚ್ಚಿಹೋಯ್ತು.

"ಏನ್ರೀ ಇದು, ನಂದು ಮಾತ್ರ ಹೋಯ್ತು?"

"ಎಲ್ಲರದ್ದೂ ಹೋಗೋ ಬದಲು ಒಬ್ಬರದ್ದು ಹೋಗ್ಲಿ ಅಂತ, ಅಕ್ಕ."

"ಆ ಒಬ್ಬರು ನಾನೇ ಯಾಕಾಗ್ಬೇಕು? ಮದುವೆ ಗಂಡಿಗೆ ಈಗಷ್ಟೇ ಕೋಟು ಹಾಕಿಸಿದ್ದೆ, ಅದೂ ಹೋಯ್ತು. ಅವರಪ್ಪ ಹೊರಗೆ ಕೂತಿದ್ದಾರೆ!"

ನಗು ತಡೆದುಕೊಂಡು ಅಕ್ಕನ ಮಿತಿ ಏರಿಸಿದೆ. ಗಂಡಿಗೆ ಮತ್ತೆ ಕೋಟು ಬಂತು.

ಸಂಜೆ ಹೊತ್ತಿಗೆ ಬರೀ ಟೈಪಿಂಗ್ ಮಾಡುವವರೆಲ್ಲ ನನ್ನ ಸುತ್ತ ನಿಂತಿದ್ದರು. ಮೆಮೊರಿ ಅಂದರೇನು ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೆ ಅಕ್ಕನಿಗೆ ಕೊಟ್ಟಷ್ಟೇ ತಮಗೂ ಬೇಕಂತೆ!